ಹಳೇ ಪ್ರೇಮ ಕಾದಂಬರಿಯನ್ನು ಪೀರಿಯಡ್ ಸಿನಿಮಾ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಹಳೇ ಕಾದಂಬರಿ ಓದಿ ಮುಗಿಸಿ, ಇದು ಸಿನಿಮಾ ಆಗಲೇಬೇಕು ಅಂತ ನಿದ್ದೆ ಬಿಟ್ಟು ಕೂತವರಿಗಾಗಿ ಇದನ್ನು ಬರೆದಿದ್ದೇನೆ. ಚಿತ್ರಕಥೆ ಬರೆಯುವವರು, ಕಲಾ ವಿಭಾಗದಲ್ಲಿ ಕೆಲಸ ಮಾಡುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡು ಸಾಲು ಸಾಕು.

ಪೀರಿಯಡ್ ಸಿನಿಮಾ ಅಂದರೆ ಹಳೇ ಬಟ್ಟೆ, ಹಳೇ ಮನೆ, ಕುದುರೆ ಗಾಡಿ. ಅಷ್ಟೇ ಅಲ್ವಾ?

ಅಲ್ಲ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಹಳೇ ಪ್ರೇಮಕತೆಗಳಲ್ಲಿ ಇಬ್ಬರ ನಡುವೆ ಅಡ್ಡ ನಿಂತಿರುವುದು ಬಹಳ ಸಲ ಯಾವ ಖಳನಾಯಕನೂ ಅಲ್ಲ, ಆ ಕಾಲದ ಕಟ್ಟುಪಾಡು. ಆಸ್ತಿ ಯಾರ ಪಾಲಾಗುತ್ತದೆ, ಹೆಣ್ಣು ಒಬ್ಬಳೇ ಎಲ್ಲಿಯವರೆಗೆ ನಡೆದು ಹೋಗಬಹುದು, ಯಾರು ಯಾರಿಗೆ ಕಾಗದ ಬರೆಯಬಹುದು, ಯಾರ ಹೆಸರನ್ನು ಹೇಗೆ ಕರೆಯಬೇಕು. ಕಾಲ ಅಂದರೆ ಇದು. ಬಟ್ಟೆ, ಮನೆ, ಗಾಡಿ ಎಲ್ಲ ಆಮೇಲೆ.

ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ (1813) ತಗೊಳ್ಳಿ. ಐದು ಹೆಣ್ಣುಮಕ್ಕಳ ಮನೆ. ಅಪ್ಪ ತೀರಿಕೊಂಡರೆ ಮನೆ, ಜಮೀನು ಎಲ್ಲ ದೂರದ ಒಬ್ಬ ಗಂಡು ನೆಂಟನಿಗೆ ಹೋಗುತ್ತದೆ. ಈ ಒಂದು ಕಾನೂನು ನೋಡುವವರಿಗೆ ಗೊತ್ತಾಗದೇ ಹೋದರೆ ಮಕ್ಕಳ ಮದುವೆಗೆ ಒದ್ದಾಡುವ ಅಮ್ಮ ಬರೀ ಗಲಾಟೆಯ ಹೆಂಗಸಾಗಿ ಕಾಣುತ್ತಾಳೆ. ಗೊತ್ತಾದರೆ, ಆ ಮನೆಯಲ್ಲಿ ಮುಂದಿನ ದಿನಗಳ ಬಗ್ಗೆ ನಿಜವಾಗಿ ಹೆದರಿರುವವಳು ಅವಳೊಬ್ಬಳೇ ಅನ್ನಿಸುತ್ತದೆ. ಪಾತ್ರ ಅದೇ, ಮಾತು ಅದೇ, ಕಟ್ಟುಪಾಡು ಕಂಡಿತಾ ಇಲ್ವಾ ಅನ್ನುವುದಷ್ಟೇ ಬೇರೆ.

ಆ ಕಟ್ಟುಪಾಡನ್ನು ನೋಡುವವರಿಗೆ ಹೇಳುವುದು ಹೇಗೆ? ಶುರುವಿನಲ್ಲಿ ಪರದೆ ಮೇಲೆ ನಾಲ್ಕು ಸಾಲು ಬರೆದು ತೋರಿಸಿದರೆ ಆಗಲ್ವಾ?

ಆಗುತ್ತದೆ, ಆದರೆ ಯಾರ ಎದೆಗೂ ತಟ್ಟುವುದಿಲ್ಲ. ಕಾನೂನಿನಿಂದ ಯಾರಿಗೋ ಏಟು ಬಿದ್ದ ಹೊತ್ತನ್ನು ತೋರಿಸಿ. 1995ರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಸಿನಿಮಾದ ಮೊದಲ ನಿಮಿಷಗಳನ್ನು ನೋಡಿ. ಸಾಯುತ್ತಿರುವ ಅಪ್ಪ ತನ್ನ ಎರಡನೇ ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ನೋಡಿಕೋ ಅಂತ ಮೊದಲ ಹೆಂಡತಿಯ ಮಗನಿಂದ ಮಾತು ತಗೊಳ್ಳುತ್ತಾನೆ. ಮಗ 3,000 ಪೌಂಡ್ ಕೊಡೋಣ ಅಂದುಕೊಳ್ಳುತ್ತಾನೆ. ಆಮೇಲೆ ಚಿಕ್ಕ ಚಿಕ್ಕ ಸೀನ್‌ಗಳಲ್ಲಿ ಅವನ ಹೆಂಡತಿ ಒಂದೊಂದೇ ಮಾತು ಆಡಿ ಆ ಮೊತ್ತವನ್ನು ಕರಗಿಸುತ್ತಾ ಹೋಗುತ್ತಾಳೆ, ಕೊನೆಗೆ ಕೈಗೆ ಹತ್ತುವಂಥದ್ದು ಏನೂ ಉಳಿಯುವುದಿಲ್ಲ. ಆಸ್ತಿಯ ಕಾನೂನಿನ ಪಾಠ ಅಲ್ಲಿಗೆ ಮುಗಿಯಿತು, ಆದರೆ ಪಾಠ ಕೇಳಿದೆವು ಅಂತ ಯಾರಿಗೂ ಅನ್ನಿಸಲಿಲ್ಲ. ಕಾದಂಬರಿಯಲ್ಲೂ ಈ ಮಾತುಕತೆ ಎರಡನೇ ಅಧ್ಯಾಯದಲ್ಲೇ ಇದೆ. ಚಿತ್ರಕಥೆ ಬರೆದ ಎಮ್ಮಾ ಥಾಂಪ್ಸನ್ ಅದರ ಬೆಲೆ ಗುರುತಿಸಿ ಮುಂದಕ್ಕೆ ತಂದು ಕೂರಿಸಿದರು.

ಹಕ್ಕು ತಗೊಳ್ಳಬೇಕಾ? ಹಳೇ ಪುಸ್ತಕ ಅಲ್ವಾ?

ಎಷ್ಟು ಹಳೇದು ಅನ್ನುವುದರ ಮೇಲೆ ಇದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಲೆಕ್ಕ ಮುಂದಿನ ಜನವರಿ 1ರಿಂದ ಶುರು. ಬ್ರಿಟನ್ನಿನಲ್ಲಿ, ಯೂರೋಪಿಯನ್ ಒಕ್ಕೂಟದಲ್ಲಿ 70 ವರ್ಷ. ಅಮೆರಿಕದಲ್ಲಿ ಹಳೇ ಪುಸ್ತಕಗಳಿಗೆ ಪ್ರಕಟವಾದಾಗಿನಿಂದ 95 ವರ್ಷ. ಸಿನಿಮಾ ಒಂದು ದೇಶದಲ್ಲಿ ಮಾತ್ರ ಓಡುವುದಿಲ್ಲ, ಆದ್ದರಿಂದ ಎಲ್ಲೆಲ್ಲಿ ಬಿಡುಗಡೆ ಮಾಡುತ್ತೀರೋ ಅಲ್ಲೆಲ್ಲ ನೋಡಿಕೊಳ್ಳಿ.

ಜನ ಎಡವುವುದು ಇನ್ನೆರಡು ಕಡೆ. ಒಂದು, ಅನುವಾದ. ಮೂಲ ಕಾದಂಬರಿ ಎಲ್ಲರ ಸೊತ್ತಾಗಿದ್ದರೂ ನೀವು ಓದಿದ ಅನುವಾದಕ್ಕೆ ಬೇರೆ ಹಕ್ಕು ಇರುತ್ತದೆ. ಅದರಿಂದ ಸಂಭಾಷಣೆ ಎತ್ತಿಕೊಂಡರೆ ತಪ್ಪು ನಿಮ್ಮದೇ. ಎರಡು, ಹಳೇ ಸಿನಿಮಾ. ಅದರಲ್ಲಿ ಹೊಸದಾಗಿ ಕಟ್ಟಿದ ದೃಶ್ಯ ಆ ಸಿನಿಮಾದವರದ್ದು, ಕಾದಂಬರಿಯದ್ದಲ್ಲ. ನಮ್ಮ ನೆನಪಿನಲ್ಲಿ ಇವೆರಡೂ ಎಷ್ಟು ಕಲಸಿಹೋಗಿರುತ್ತವೆ ಅಂದರೆ, ಪುಸ್ತಕ ತೆಗೆದು ಮತ್ತೆ ನೋಡುವವರೆಗೂ ಯಾವುದು ಎಲ್ಲಿಯದು ಅಂತ ತಿಳಿಯುವುದೇ ಇಲ್ಲ.

ಹಕ್ಕು ಇನ್ನೂ ಇದ್ದರೆ ಮೊದಲು ಆಪ್ಷನ್ ಒಪ್ಪಂದ ಮಾಡಿಕೊಳ್ಳಿ. ಅಂದರೆ ಇಷ್ಟು ತಿಂಗಳು ಬೇರೆ ಯಾರಿಗೂ ಕೊಡಬೇಡಿ ಅಂತ ಒಂದು ಸಣ್ಣ ಮೊತ್ತ ಕೊಟ್ಟು ಕಾಯ್ದಿರಿಸುವುದು, ಹಣ ಹೊಂದಿಸಿದ ಮೇಲೆ ಪೂರ್ತಿ ಕೊಳ್ಳುವುದು. ಬಾಯಿಮಾತು ಬೇಡ. ಪ್ರೇಮಕತೆಯಲ್ಲದಿದ್ದರೂ ಒಂದು ಉದಾಹರಣೆ ಹೇಳುತ್ತೇನೆ: 1922ರ ‘ನೊಸ್ಫೆರಾಟು’ ಅನ್ನುವ ಜರ್ಮನ್ ಸಿನಿಮಾವನ್ನು ‘ಡ್ರಾಕುಲಾ’ ಕಾದಂಬರಿಯಿಂದ ಅನುಮತಿ ಇಲ್ಲದೆ ಮಾಡಿದ್ದರು. ಹೆಸರುಗಳನ್ನು ಬದಲಿಸಿದರೂ ಉಳಿಯಲಿಲ್ಲ, ಲೇಖಕರ ಹೆಂಡತಿ ದಾವೆ ಹೂಡಿದರು, ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ನ್ಯಾಯಾಲಯ ಹೇಳಿತು.

ನಾನೂರು ಪುಟದ ಕಾದಂಬರಿಯನ್ನು ಎರಡು ಗಂಟೆಗೆ ಇಳಿಸುವುದು ಹೇಗೆ?

ಚಿತ್ರಕಥೆಯಲ್ಲಿ ಒಂದು ಪುಟ ಅಂದರೆ ಹೆಚ್ಚು ಕಡಿಮೆ ಒಂದು ನಿಮಿಷ. ಎರಡು ಗಂಟೆಯ ಸಿನಿಮಾಕ್ಕೆ 120 ಪುಟ, ಅದರಲ್ಲೂ ಅರ್ಧ ಖಾಲಿ ಜಾಗ. ಹಾಗಾಗಿ "ಎಲ್ಲವನ್ನೂ ಸ್ವಲ್ಪ ಸ್ವಲ್ಪ" ಇಟ್ಟುಕೊಳ್ಳುವ ಯೋಚನೆಯನ್ನು ಮೊದಲೇ ಬಿಡಿ. ಅದರಿಂದ ಬರುವುದು ಸಿನಿಮಾ ಅಲ್ಲ, ಕಾದಂಬರಿಯ ಸಾರಾಂಶ. ಪ್ರತಿ ದೃಶ್ಯವೂ ಬಂದು ಮುಖ ತೋರಿಸಿ ಹೋಗುತ್ತದೆ, ಯಾವುದೂ ನಿಲ್ಲುವುದಿಲ್ಲ.

ನಾನು ಮಾಡುವುದು ಹೀಗೆ. ಕಾದಂಬರಿಯನ್ನು ಮೊದಲ ಸಲ ಓದುವಾಗ ಪೆನ್ನು ಹಿಡಿಯುವುದಿಲ್ಲ. ಒಂದು ವಾರ ಬಿಟ್ಟು, ಪುಸ್ತಕ ಮುಚ್ಚಿಟ್ಟು, ನೆನಪಿನಲ್ಲಿ ಉಳಿದ ಸೀನ್‌ಗಳನ್ನಷ್ಟೇ ಬರೆದುಕೊಳ್ಳುತ್ತೇನೆ. ಹದಿನೈದೋ ಇಪ್ಪತ್ತೋ ಬರುತ್ತವೆ. ಆಮೇಲೆ ಎರಡನೇ ಸಲ ಓದುವಾಗ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಈ ಇಬ್ಬರು ಇಲ್ಲಿ ಹತ್ತಿರ ಬಂದರಾ, ದೂರ ಹೋದರಾ? ಎರಡೂ ಆಗದ ಅಧ್ಯಾಯ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ಇಡುತ್ತೇನೆ. ಇದು ನೋವಿನ ಕೆಲಸ. ಅತಿ ಇಷ್ಟದ ಅಧ್ಯಾಯವೇ ಹೊರಗೆ ಹೋಗುವುದು ಜಾಸ್ತಿ.

ದೊಡ್ಡ ಕತ್ತರಿಗೆ ಹೆದರಬೇಡಿ. 1939ರ ‘ವುದರಿಂಗ್ ಹೈಟ್ಸ್’ ಸಿನಿಮಾ ಕಾದಂಬರಿಯ ಹೆಚ್ಚು ಕಡಿಮೆ ಅರ್ಧವನ್ನೇ ಬಿಟ್ಟಿತು. ಮುಂದಿನ ತಲೆಮಾರಿನ ಕತೆ ಅದರಲ್ಲಿ ಇಲ್ಲವೇ ಇಲ್ಲ. ಅದರಿಂದ ಸಿನಿಮಾಕ್ಕೆ ಒಂದು ಪ್ರೇಮದ ಬಿಗಿ ಸಿಕ್ಕಿತು. ಆದರೆ ಎಮಿಲಿ ಬ್ರಾಂಟೆ ಬರೆದದ್ದು ಬರೀ ಪ್ರೇಮವಲ್ಲ, ಒಬ್ಬನ ಗಾಯ ಅವನ ಮಕ್ಕಳವರೆಗೂ ಹೇಗೆ ಕೊಳೆಯುತ್ತಾ ಹೋಗುತ್ತದೆ ಅನ್ನುವುದು. ಅದು ಕೈಬಿಟ್ಟುಹೋಯಿತು. ಕತ್ತರಿಸುವಾಗ ಏನು ಹೋಗುತ್ತಿದೆ ಅಂತ ಗೊತ್ತಿದ್ದು ಕತ್ತರಿಸಿ.

ಪಾತ್ರಗಳನ್ನು ಕೂಡಿಸುವುದು ಇನ್ನೊಂದು ದಾರಿ. ಇಬ್ಬರು ಚಿಕ್ಕಮ್ಮಂದಿರು ಒಂದೇ ಕೆಲಸ ಮಾಡುತ್ತಿದ್ದರೆ ಒಬ್ಬರು ಸಾಕು. ಕೆಲವೊಮ್ಮೆ ಉಲ್ಟಾ ಆಗುತ್ತದೆ. ಕಾದಂಬರಿಯಲ್ಲಿ ಮೂಲೆಯಲ್ಲಿದ್ದವರನ್ನು ಮುಂದೆ ತರಬೇಕಾಗುತ್ತದೆ. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಮೂರನೇ ತಂಗಿ ಪುಸ್ತಕದಲ್ಲಿ ಹೆಸರಿಗಷ್ಟೇ ಇದ್ದಾಳೆ. ಸಿನಿಮಾದಲ್ಲಿ ಅವಳಿಗೆ ಅಟ್ಲಾಸ್ ಕೊಟ್ಟು, ದೊಡ್ಡವರು ಕೇಳಲಾಗದ್ದನ್ನು ಕೇಳುವ ಬಾಯಿ ಕೊಟ್ಟರು. ಗಂಭೀರ ಸ್ವಭಾವದ ನಾಯಕ ಆ ಮಗುವಿನ ಜೊತೆ ಆಡುವುದನ್ನು ನೋಡಿಯೇ ನಮಗೆ ಅವನು ಇಷ್ಟವಾಗುತ್ತಾನೆ.

ಮೂಲದಲ್ಲಿ ಇಲ್ಲದ ದೃಶ್ಯ ಸೇರಿಸಬಹುದಾ? ಓದುಗರಿಗೆ ಸಿಟ್ಟು ಬರಲ್ವಾ?

ಕೆಲವರಿಗೆ ಬರುತ್ತದೆ. ಸೇರಿಸಲೇಬೇಕಾದ ಹೊತ್ತೂ ಬರುತ್ತದೆ. ‘ಪ್ರೈಡ್ ಅಂಡ್ ಪ್ರೆಜುಡೀಸ್’ನ 1995ರ ಬಿಬಿಸಿ ಧಾರಾವಾಹಿಯಲ್ಲಿ ನಾಯಕ ಡಾರ್ಸಿ ಕೆರೆಗೆ ಧುಮುಕಿ ಒದ್ದೆ ಅಂಗಿಯಲ್ಲಿ ನಾಯಕಿ ಎಲಿಜಬೆತ್ ಎದುರಿಗೆ ಬಂದು ನಿಲ್ಲುತ್ತಾನಲ್ಲ, ಅದು ಆಸ್ಟೆನ್ ಬರೆದದ್ದೇ ಅಲ್ಲ. 2005ರ ಸಿನಿಮಾದಲ್ಲಿ ಅವನ ಮೊದಲ ಮದುವೆ ಪ್ರಸ್ತಾಪ ಸುರಿಯುವ ಮಳೆಯಲ್ಲಿ ನಡೆಯುತ್ತದೆ. ಕಾದಂಬರಿಯಲ್ಲಿ ಅದು ಒಂದು ಮನೆಯ ಕೋಣೆಯೊಳಗೆ. ಎರಡೂ ನನಗೆ ಸರಿ ಅನ್ನಿಸುತ್ತವೆ. ಯಾಕೆಂದರೆ ಎರಡರಲ್ಲೂ ಆ ಕಾಲದ ಶಿಸ್ತು ಮುರಿದುಬೀಳುವುದು ಕಣ್ಣಿಗೆ ಕಾಣುತ್ತದೆ. ಯಾವಾಗಲೂ ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುವ ಮನುಷ್ಯ ಒದ್ದೆಯಾಗಿ, ತಲೆಗೂದಲು ಕೆದರಿ ನಿಂತಿದ್ದಾನೆ. ಪುಸ್ತಕದಲ್ಲಿ ಅದೇ ಕೆಲಸವನ್ನು ವಾಕ್ಯಗಳು ಮಾಡಿದ್ದವು.

‘ದೇವದಾಸ್’ ಕಾದಂಬರಿಯಲ್ಲಿ (1917) ಪಾರ್ವತಿ ಮತ್ತು ಚಂದ್ರಮುಖಿ ಭೇಟಿಯಾಗುವುದೇ ಇಲ್ಲ. 2002ರ ಹಿಂದಿ ಸಿನಿಮಾದಲ್ಲಿ ಇಬ್ಬರೂ ಒಟ್ಟಿಗೆ ಕುಣಿಯುತ್ತಾರೆ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬ ಜಮೀನ್ದಾರನ ಹೆಂಡತಿ, ಒಬ್ಬ ವೇಶ್ಯೆ, ಇಬ್ಬರೂ ಒಂದೇ ಅಂಗಳದಲ್ಲಿ ನಿಲ್ಲಲಾಗದ ಕಾಲ ಅದು. ಅದೇ ಆ ಕತೆಯ ಸಂಕಟ. ಒಂದು ಹಾಡಿಗಾಗಿ ಆ ಗೋಡೆಯನ್ನು ತೆಗೆದ ಮೇಲೆ ಸಂಕಟ ಸ್ವಲ್ಪ ಹಗುರ ಆಯಿತು ಅಂತ ನನ್ನ ಅನಿಸಿಕೆ.

ಪಾತ್ರದ ಮನಸ್ಸಿನೊಳಗಿನ ಮಾತನ್ನು ತೋರಿಸುವುದು ಹೇಗೆ? ವಾಯ್ಸ್ ಓವರ್ ಹಾಕಿದರೆ ಸುಲಭ ಅಲ್ವಾ?

ಸುಲಭ, ಹೌದು. ಅದಕ್ಕೇ ಅನುಮಾನದಿಂದ ನೋಡಬೇಕು. ನಾಯಕಿ ಕಿಟಕಿ ಪಕ್ಕ ಕೂತಿದ್ದಾಳೆ, ಹಿನ್ನೆಲೆಯಲ್ಲಿ "ನನಗೆ ತುಂಬ ಬೇಸರವಾಗಿತ್ತು" ಅನ್ನುವ ಧ್ವನಿ. ಕಾಣುತ್ತಿರುವುದನ್ನೇ ಕಿವಿಗೂ ಹೇಳಿದರೆ ಎರಡೂ ಸಪ್ಪೆಯಾಗುತ್ತವೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964). ರವೀಂದ್ರನಾಥ ಠಾಕೂರರ 1901ರ ಒಂದು ನೀಳ್ಗತೆಯಿಂದ ಮಾಡಿದ್ದು. ಮೊದಲ ಏಳು ನಿಮಿಷ ಮಾತು ಇಲ್ಲವೇ ಇಲ್ಲ ಅನ್ನಬಹುದು. ದೊಡ್ಡ ಮನೆ, ಮಧ್ಯಾಹ್ನ. ಚಾರು ಕರವಸ್ತ್ರಕ್ಕೆ ಕಸೂತಿ ಹಾಕುತ್ತಾಳೆ, ಪುಸ್ತಕ ಹುಡುಕುತ್ತಾಳೆ, ಹಿಡಿಯುಳ್ಳ ಪುಟ್ಟ ದುರ್ಬೀನು ತಂದು ಕಿಟಕಿಯಿಂದ ಕಿಟಕಿಗೆ ಓಡುತ್ತಾ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಅಷ್ಟರಲ್ಲಿ ಗಂಡ ಪುಸ್ತಕ ಓದುತ್ತಾ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳು ಅಲ್ಲಿ ಇದ್ದಾಳೆ ಅಂತಲೂ ಅವನಿಗೆ ಗೊತ್ತಾಗುವುದಿಲ್ಲ. ಅವಳು ಅದೇ ದುರ್ಬೀನನ್ನು ಎತ್ತಿ ದೂರ ಹೋಗುತ್ತಿರುವ ಗಂಡನ ಬೆನ್ನನ್ನು ನೋಡುತ್ತಾಳೆ. ಆಮೇಲೆ ಕೈ ಇಳಿಸುತ್ತಾಳೆ. ಬೀದಿಯ ಜನರಷ್ಟೇ ದೂರ ಇವನೂ. ಕಾದಂಬರಿಕಾರರಿಗೆ ಎರಡು ಪುಟ ಬೇಕಾದದ್ದು ಒಂದು ವಸ್ತು, ಒಂದು ಕೈಯ ಚಲನೆಯಲ್ಲಿ ಮುಗಿಯಿತು. ನಿಮ್ಮ ಕಾದಂಬರಿಯಲ್ಲಿ ಆ ದುರ್ಬೀನು ಯಾವುದು ಅಂತ ಹುಡುಕಿ. ಇಲ್ಲದಿದ್ದರೆ ಕಟ್ಟಿಕೊಳ್ಳಿ.

ವಾಯ್ಸ್ ಓವರ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ‘ದಿ ಏಜ್ ಆಫ್ ಇನೊಸೆನ್ಸ್’ (1993) ಸಿನಿಮಾದಲ್ಲಿ ಉದ್ದಕ್ಕೂ ಒಬ್ಬ ಹೆಂಗಸಿನ ಧ್ವನಿ ಇದೆ. ಅದು ಯಾವ ಪಾತ್ರದ್ದೂ ಅಲ್ಲ. 1870ರ ದಶಕದ ನ್ಯೂಯಾರ್ಕಿನ ಸಿರಿವಂತ ಮನೆತನಗಳು ಬಾಯಿಬಿಟ್ಟು ಹೇಳದ ನಿಯಮಗಳನ್ನು ಆ ಧ್ವನಿ ಮೆಲ್ಲಗೆ ಹೇಳುತ್ತದೆ. ತೆರೆಯ ಮೇಲೆ ನಗು, ಊಟ, ಹೂವು. ಕಿವಿಯಲ್ಲಿ ಆ ನಗುವಿನ ಹಿಂದಿನ ತೀರ್ಪು. ಕಣ್ಣಿಗೂ ಕಿವಿಗೂ ಬೇರೆ ಬೇರೆ ಸಿಗುತ್ತಿರುವುದರಿಂದ ಅಲ್ಲಿ ಅದು ಕೆಲಸ ಮಾಡಿತು.

ಕಾದಂಬರಿ ತುಂಬ ಪತ್ರಗಳಿವೆ. ಓದಿಸುತ್ತಾ ಕೂತರೆ ಬೋರ್ ಆಗಲ್ವಾ?

ಪತ್ರವನ್ನು ಮಾಹಿತಿ ಅಂದುಕೊಂಡರೆ ಬೋರ್. ಪತ್ರ ಬರೆಯುವುದೇ ಒಂದು ಸಾಹಸ ಅಂತ ನೋಡುವವರಿಗೆ ಗೊತ್ತಾದರೆ ಬೋರ್ ಆಗುವುದಿಲ್ಲ. ಆಸ್ಟೆನ್ ಕಾಲದ ಇಂಗ್ಲೆಂಡಿನಲ್ಲಿ ನಿಶ್ಚಿತಾರ್ಥ ಆಗದ ಗಂಡು ಹೆಣ್ಣು ಪರಸ್ಪರ ಕಾಗದ ಬರೆಯುವಂತಿರಲಿಲ್ಲ. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ತಂಗಿ ಒಬ್ಬ ಯುವಕನಿಗೆ ಬರೆಯುತ್ತಿದ್ದಾಳೆ ಅಂದರೆ ನಿಶ್ಚಯ ಆಗಿರಲೇಬೇಕು ಅಂತ ಅಕ್ಕ ಅಂದುಕೊಳ್ಳುತ್ತಾಳೆ. ಡಾರ್ಸಿ ತನ್ನ ಕಾಗದವನ್ನು ಅಂಚೆಗೆ ಹಾಕದೆ ಎಲಿಜಬೆತ್ ಕೈಗೇ ತಂದು ಕೊಡುತ್ತಾನೆ. ಯಾರಾದರೂ ನೋಡಿದ್ದರೆ ಅವಳ ಮರ್ಯಾದೆ ಏನಾಗುತ್ತಿತ್ತು ಯೋಚಿಸಿ. ಆ ಹೆದರಿಕೆ ಇಲ್ಲದೆ ಆ ದೃಶ್ಯ ತೆಗೆದರೆ ಅಂಚೆಯವನು ಕಾಗದ ಕೊಟ್ಟ ಹಾಗೆ ಇರುತ್ತದೆ.

ವಸ್ತುವಿನ ವಿವರವೂ ನಿಮಗೆ ಸಹಾಯಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಅಂಚೆ ಚೀಟಿ ಬಂದದ್ದು 1840ರಲ್ಲಿ. ಅದಕ್ಕೆ ಮೊದಲು ಸಾಮಾನ್ಯವಾಗಿ ಕಾಗದ ಪಡೆದವರು ದುಡ್ಡು ಕೊಡಬೇಕಿತ್ತು, ಅದೂ ಹಾಳೆಗಳ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ. ಹಾಗಾಗಿ ಲಕೋಟೆ ಇರುತ್ತಿರಲಿಲ್ಲ. ಹಾಳೆಯನ್ನೇ ಮಡಚಿ ಅರಗು ಹಾಕುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಅಡ್ಡಡ್ಡ ಬರೆಯುತ್ತಿದ್ದರು. ಬಡ ಮನೆಯ ಹುಡುಗಿಗೆ ಕಾಗದ ಬಂತು ಅಂದರೆ ಅದನ್ನು ಬಿಡಿಸಿಕೊಳ್ಳಲು ದುಡ್ಡು ಇದೆಯಾ ಅನ್ನುವುದೇ ಒಂದು ಸೀನ್.

ಸಂಭಾಷಣೆ ಹಳೇ ಭಾಷೆಯಲ್ಲೇ ಇರಬೇಕಾ?

ಹಳೇ ಭಾಷೆಯ ನಡಿಗೆ ಇರಲಿ, ಹಳೇ ಪದಗಳ ಭಾರ ಬೇಡ. ಇವತ್ತಿನ ಆಡುಮಾತಿನ ಹೊಸ ಪದ ಒಂದೇ ಒಂದು ನುಸುಳಿದರೂ ಕಟ್ಟಿದ್ದೆಲ್ಲ ಕುಸಿಯುತ್ತದೆ, ಅದನ್ನು ಕಾಯಬೇಕು. ಹಾಗಂತ ಪಾತ್ರಗಳು ಶಾಸನ ಓದಿದ ಹಾಗೆ ಮಾತಾಡಿದರೆ ಯಾರೂ ಅವರನ್ನು ಪ್ರೀತಿಸುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡ ಕಡೆ ಸಾಲು ಒಡೆಯಿರಿ.

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ಸಂಬೋಧನೆ. ಯಾರು ಯಾರನ್ನು ನೀವು ಅನ್ನುತ್ತಾರೆ, ಯಾವಾಗ ನೀನು ಅನ್ನುತ್ತಾರೆ, ಹೆಸರು ಹಿಡಿದು ಕರೆಯುವ ಧೈರ್ಯ ಯಾವ ದೃಶ್ಯದಲ್ಲಿ ಬರುತ್ತದೆ. ಎರಡು ಗಂಟೆ ನೀವು ನೀವು ಅಂತಿದ್ದವರು ಒಮ್ಮೆ ನೀನು ಅಂದರೆ ಚುಂಬನಕ್ಕಿಂತ ಜೋರಾಗಿ ಕೇಳಿಸುತ್ತದೆ. ಇಂಗ್ಲಿಷಿಗೆ ಈಗ ಈ ಸೌಲಭ್ಯ ಇಲ್ಲ, ನಮ್ಮ ಭಾಷೆಗೆ ಇದೆ. ಪೂರ್ತಿ ಬಳಸಿಕೊಳ್ಳಿ.

ಬಟ್ಟೆ, ವಸ್ತುಗಳು ಎಷ್ಟು ನಿಖರ ಇರಬೇಕು?

ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ತಪ್ಪುವುದು ಬೇರೆ. 1940ರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಸಿನಿಮಾದಲ್ಲಿ ಬಟ್ಟೆಗಳು ಕತೆಯ ಕಾಲಕ್ಕಿಂತ ದಶಕಗಳಷ್ಟು ಈಚಿನವು, ಉಬ್ಬಿದ ತೋಳು, ಅಗಲ ಲಂಗ. 2005ರ ಸಿನಿಮಾ ಉಲ್ಟಾ ಮಾಡಿತು: ಕಾದಂಬರಿ ಪ್ರಕಟವಾದ ಕಾಲ ಬಿಟ್ಟು, ಅದರ ಮೊದಲ ಕರಡು ಬರೆದ 1790ರ ದಶಕಕ್ಕೆ ಹೋಯಿತು. ಎರಡೂ ಬೇಕೆಂದೇ ಮಾಡಿದ ಆಯ್ಕೆಗಳು.

ಗೊತ್ತಿಲ್ಲದೆ ತಪ್ಪುವುದು ಎಲ್ಲಿ ಅಂದರೆ ಇಂಥ ಕಡೆ. ಹೊಳೆಯುವ ಕೃತಕ ನೇರಳೆ ಬಣ್ಣವನ್ನು ವಿಲಿಯಂ ಪರ್ಕಿನ್ ಅನ್ನುವ ಹುಡುಗ ಕಂಡುಹಿಡಿದದ್ದು 1856ರಲ್ಲಿ, ಕ್ವಿನೈನ್ ತಯಾರಿಸಲು ಹೋಗಿ. ಅದಕ್ಕೆ ಮೊದಲಿನ ಕತೆಯಲ್ಲಿ ಸಾಧಾರಣ ಮನೆಯ ಹುಡುಗಿ ಕಣ್ಣು ಕೋರೈಸುವ ನೇರಳೆ ಉಟ್ಟರೆ ನಂಬುವ ಹಾಗಿಲ್ಲ. ಮನೆ ಮನೆಗೆ ಹೊಲಿಗೆ ಯಂತ್ರ ಬಂದದ್ದೂ 1850ರ ನಂತರವೇ, ಆದ್ದರಿಂದ ಕ್ಲೋಸಪ್‌ನಲ್ಲಿ ಕಾಣುವ ಹೊಲಿಗೆಯಾದರೂ ಕೈಹೊಲಿಗೆ ಇರಲಿ. ಬಟ್ಟೆಗೆ ಜಿಪ್ ಸಾಮಾನ್ಯವಾದದ್ದು 1930ರ ದಶಕದಲ್ಲಿ. ಗೀರಿ ಹಚ್ಚುವ ಬೆಂಕಿಕಡ್ಡಿ ಮಾರಾಟಕ್ಕೆ ಬಂದದ್ದು 1827ರಲ್ಲಿ.

ಇನ್ನೊಂದು, ಎಲ್ಲ ಬಟ್ಟೆಯೂ ಹೊಚ್ಚ ಹೊಸದಾಗಿ ಕಂಡರೆ ಫ್ಯಾನ್ಸಿ ಡ್ರೆಸ್ ಆಗುತ್ತದೆ. ಅಂಚು ಉಜ್ಜಿ, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಮೊಣಕೈ ಸವೆಸಿ, ಕೆಳಗಂಚಿಗೆ ಮಣ್ಣು ಹಿಡಿಸಿ ಹಳತು ಮಾಡುವುದು ಒಂದು ಪೂರ್ತಿ ಕಸುಬು. ನಟರಿಗೆ ಆ ಬಟ್ಟೆಯನ್ನು ಶೂಟಿಂಗ್‌ಗೆ ವಾರಗಳ ಮೊದಲೇ ಕೊಡಿ. ಬಿಗಿ ಕಟ್ಟಿನ ಒಳಉಡುಪು ತೊಟ್ಟ ಮೇಲೆ ಬಗ್ಗುವುದು, ಕೂರುವುದು, ಉಸಿರಾಡುವುದು ಎಲ್ಲ ಬದಲಾಗುತ್ತದೆ. ಆ ಕಾಲ ಮೈಗೆ ಹತ್ತುವುದು ಹಾಗೆ.

ರಾತ್ರಿ ದೃಶ್ಯಗಳನ್ನು ಮೇಣದ ಬತ್ತಿ ಬೆಳಕಿನಲ್ಲೇ ತೆಗೆಯಬಹುದಾ?

ತೆಗೆದವರಿದ್ದಾರೆ. ‘ಬ್ಯಾರಿ ಲಿಂಡನ್’ (1975) ಸಿನಿಮಾಕ್ಕೆ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರು ನಾಸಾಗೆಂದು ತಯಾರಿಸಿದ್ದ ಝೈಸ್ ಕಂಪನಿಯ ಎಫ್ 0.7 ಲೆನ್ಸ್ ಬಳಸಿ ಬರೀ ಮೇಣದ ಬತ್ತಿಗಳ ಬೆಳಕಿನಲ್ಲಿ ದೃಶ್ಯ ತೆಗೆದರು. ಅಷ್ಟು ದೊಡ್ಡ ಕಿಂಡಿಯ ಲೆನ್ಸಿನಲ್ಲಿ ಫೋಕಸ್ ತೀರಾ ತೆಳು. ನಟರು ಸ್ವಲ್ಪ ಮುಂದೆ ಬಾಗಿದರೂ ಮುಖ ಮಸುಕು. ಹಾಗಾಗಿ ಎಲ್ಲರೂ ಅಲುಗಾಡದೆ ಕೂತಿರುತ್ತಾರೆ, ಅದೇ ಆ ಕಾಲದ ಗತ್ತಿನಂತೆ ಕಾಣುತ್ತದೆ.

ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಕಡಿಮೆ ಬೆಳಕು ದೊಡ್ಡ ಕಷ್ಟ ಅಲ್ಲ. ಹಳೇ ಮನೆಯಲ್ಲಿ ಬೆಂಕಿಯೇ ದೊಡ್ಡ ಕಷ್ಟ. ಮರದ ತಾರಸಿ, ಹಳೇ ಪರದೆ ಇರುವ ಕಡೆ ನಿಜವಾದ ಜ್ವಾಲೆಗೆ ಬಹಳ ಸಲ ಮಾಲೀಕರು ಒಪ್ಪುವುದೇ ಇಲ್ಲ, ಒಪ್ಪಬಾರದು ಕೂಡ. ಮಿನುಗುವ ಎಲ್‌ಇಡಿ ದೀಪ ಮರೆಯಲ್ಲಿಟ್ಟು, ಕಾಣುವ ಕಡೆ ಎರಡೇ ಎರಡು ನಿಜವಾದ ಬತ್ತಿ ಇಡಿ, ಸಾಕು. ಕತ್ತಲಿಗೆ ಹೆದರಬೇಡಿ. ಬಡವರ ಮನೆಯಲ್ಲಿ ರಾತ್ರಿ ಇಪ್ಪತ್ತು ಬತ್ತಿ ಉರಿಯುವುದಿಲ್ಲ. ಯಾರ ಮನೆಯಲ್ಲಿ ಎಷ್ಟು ಬೆಳಕಿದೆ ಅನ್ನುವುದರಲ್ಲೇ ಯಾರ ಹತ್ತಿರ ಎಷ್ಟು ದುಡ್ಡಿದೆ ಅಂತ ತೋರಿಸಬಹುದು.

ಕತೆ ನಡೆಯುವ ಊರಲ್ಲೇ ಶೂಟಿಂಗ್ ಮಾಡಬೇಕಾ?

ಬೇಕಿಲ್ಲ. ‘ಡಾಕ್ಟರ್ ಜಿವಾಗೊ’ (1965) ನಡೆಯುವುದು ರಷ್ಯಾದಲ್ಲಿ. ಕಾದಂಬರಿಗೆ ಸೋವಿಯತ್ ಒಕ್ಕೂಟದಲ್ಲಿ ನಿಷೇಧ ಇತ್ತು, ಹಾಗಾಗಿ ಬಹುಪಾಲು ಚಿತ್ರೀಕರಣ ಸ್ಪೇನಿನಲ್ಲಿ ಆಯಿತು. ಮ್ಯಾಡ್ರಿಡ್ ಹತ್ತಿರ ಮಾಸ್ಕೋದ ಬೀದಿಯನ್ನೇ ಕಟ್ಟಿದರು. ನೋಡಿದವರು ನಡುಗಿದ್ದು ರಷ್ಯಾದ ಚಳಿಗೇ.

ನೃತ್ಯದ ದೃಶ್ಯ ಇಲ್ಲದ ಪೀರಿಯಡ್ ಪ್ರೇಮಕತೆಯೇ ಇಲ್ಲ. ಯಾಕೆ?

ಇಂಗ್ಲಿಷ್ ಕಾದಂಬರಿಗಳ ಮಟ್ಟಿಗೆ ಹೇಳುವುದಾದರೆ, ಮದುವೆಯಾಗದ ಹುಡುಗ ಹುಡುಗಿ ಎಲ್ಲರ ಕಣ್ಣೆದುರಿಗೇ ಕೈ ಹಿಡಿಯಲು, ಬೇರೆಯವರಿಗೆ ಕೇಳಿಸದ ಹಾಗೆ ನಾಲ್ಕು ಮಾತಾಡಲು ಸಿಗುತ್ತಿದ್ದ ಜಾಗ ಅದೊಂದೇ. ಆ ಕಾಲದ ಹಳ್ಳಿಗಾಡಿನ ನೃತ್ಯದಲ್ಲಿ ಎರಡು ಸಾಲು ಎದುರು ಬದುರು. ಹತ್ತಿರ ಬಂದಾಗ ಒಂದು ಮಾತು, ಸರಿದು ಹೋದಾಗ ಮೌನ, ತಿರುಗಿ ಬಂದಾಗ ಅದಕ್ಕೆ ಉತ್ತರ. ಸಂಭಾಷಣೆಗೆ ತಾಳ ತಾನೇ ಬಂದುಬಿಡುತ್ತದೆ. ಹೆಜ್ಜೆ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಮಾತು ಬರೆಯಿರಿ.

ಚುಂಬನ, ಪ್ರಣಯ ದೃಶ್ಯ ಎಷ್ಟು ಇರಬೇಕು? ಈಗಿನವರಿಗೆ ಮುಟ್ಟದೇ ಇರುವ ಪ್ರೀತಿ ಸಪ್ಪೆ ಅನ್ನಿಸಲ್ವಾ?

ಮುಟ್ಟುವುದು ತಪ್ಪು ಅನ್ನುವ ಕಾಲದಲ್ಲಿ ಬೆರಳು ತಗುಲಿದರೂ ಸಿಡಿಲು. ಆ ಕಾಲವನ್ನು ನೀವು ಸರಿಯಾಗಿ ಕಟ್ಟಿದ್ದರೆ ಸಪ್ಪೆ ಆಗುವ ಮಾತೇ ಇಲ್ಲ. 2005ರ ಸಿನಿಮಾದಲ್ಲಿ ಡಾರ್ಸಿ ಕೈ ಕೊಟ್ಟು ಎಲಿಜಬೆತ್‌ಳನ್ನು ಗಾಡಿ ಹತ್ತಿಸುತ್ತಾನೆ, ತಿರುಗಿ ನಡೆಯುತ್ತಾನೆ, ಅವನ ಬೆರಳುಗಳು ಒಮ್ಮೆ ಅಗಲವಾಗಿ ಚಾಚಿಕೊಳ್ಳುತ್ತವೆ. ಎರಡು ಸೆಕೆಂಡಿನ ಶಾಟ್. ಇಪ್ಪತ್ತು ವರ್ಷ ಆದ ಮೇಲೂ ಜನ ಅದರ ಬಗ್ಗೆ ಮಾತಾಡುತ್ತಿದ್ದಾರೆ. ‘ದಿ ಏಜ್ ಆಫ್ ಇನೊಸೆನ್ಸ್’ನಲ್ಲಿ ಗಾಡಿಯೊಳಗೆ ನಾಯಕ ನಾಯಕಿಯ ಕೈಗವಸಿನ ಗುಂಡಿ ಬಿಚ್ಚಿ ಮಣಿಕಟ್ಟಿಗೆ ಮುತ್ತಿಡುತ್ತಾನೆ, ಅಷ್ಟಕ್ಕೇ ನೋಡುವವರ ಉಸಿರು ನಿಲ್ಲುತ್ತದೆ.

ಇದಕ್ಕಿಂತ ಮುಂದಿನ ದೃಶ್ಯ ಕತೆಗೆ ಬೇಕೇ ಬೇಕು ಅಂದರೆ ಇಂಟಿಮಸಿ ಕೋಆರ್ಡಿನೇಟರ್ (ಇಂಥ ದೃಶ್ಯಗಳನ್ನು ನಟರಿಗೆ ಮುಜುಗರ ಆಗದ ಹಾಗೆ ಯೋಜಿಸುವವರು) ಅವರನ್ನು ಕರೆಸಿ, ಪ್ರತಿ ಚಲನೆಯನ್ನೂ ನಟರ ಒಪ್ಪಿಗೆಯಿಂದ ಮೊದಲೇ ಗೊತ್ತು ಮಾಡಿ. ಸೆಟ್ಟಿನಲ್ಲಿ ನೋಡಿಕೊಂಡರಾಯಿತು ಅನ್ನುವುದು ಬೇಡ.

ಪಾತ್ರದ ವಯಸ್ಸಿಗೆ ಸರಿಯಾದವರೇ ಸಿಗಬೇಕಾ?

ಎಲಿಜಬೆತ್‌ಗೆ ಕಾದಂಬರಿಯಲ್ಲಿ ಇಪ್ಪತ್ತು. 1940ರಲ್ಲಿ ಆ ಪಾತ್ರ ಮಾಡಿದ ಗ್ರೀರ್ ಗಾರ್ಸನ್ ಮೂವತ್ತೈದು ದಾಟಿದ್ದರು, 2005ರ ಸಿನಿಮಾದ ಶೂಟಿಂಗ್ ವೇಳೆ ಕೀರಾ ನೈಟ್ಲಿಗೆ 19. ಕಿರಿಯರು ಇದ್ದರೆ ತಪ್ಪುಗಳು ನಂಬುವ ಹಾಗಿರುತ್ತವೆ. ಇಪ್ಪತ್ತರ ಹುಡುಗಿ ಒಬ್ಬ ಸುಳ್ಳುಗಾರನನ್ನು ನಂಬಿದರೆ ಅಯ್ಯೋ ಅನ್ನಿಸುತ್ತದೆ, ಮೂವತ್ತೈದರವಳು ನಂಬಿದರೆ ಸಿಟ್ಟು ಬರುತ್ತದೆ. ಹಿರಿಯ ನಟಿಯನ್ನೇ ಆರಿಸಿದರೆ ಪಾತ್ರದ ವಯಸ್ಸನ್ನೂ ಏರಿಸಿ ಬರೆಯಿರಿ.

ಹಳೇ ಕಾದಂಬರಿಯಲ್ಲಿ ಈಗ ಒಪ್ಪಲಾಗದ ವಿಷಯಗಳಿದ್ದರೆ ಏನು ಮಾಡಬೇಕು?

ಒರೆಸಿ ಹಾಕಬೇಡಿ. ಜಾತಿ, ಬಣ್ಣ, ಗುಲಾಮಗಿರಿ, ಹೆಣ್ಣಿನ ಮೇಲಿನ ದರ್ಪ ಇವನ್ನೆಲ್ಲ ತೊಳೆದು ಬರೀ ಹೂದೋಟ ಉಳಿಸಿದರೆ ಅದು ಸುಳ್ಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ (1814) ಕಾದಂಬರಿಯಲ್ಲಿ ಆ ಮನೆಯ ಯಜಮಾನನಿಗೆ ಆಂಟಿಗಾದಲ್ಲಿ ಆಸ್ತಿ ಇದೆ, ಗುಲಾಮರ ವ್ಯಾಪಾರದ ಬಗ್ಗೆ ಒಂದು ಪ್ರಶ್ನೆ ಬರುತ್ತದೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ. 1999ರ ಸಿನಿಮಾ ಅದನ್ನು ಹಿಡಿದುಕೊಂಡು ಮುಂದಕ್ಕೆ ತಂದಿತು. ಅತಿಯಾಯಿತು ಅಂದವರೂ ಇದ್ದಾರೆ. ನನಗೆ ಆ ದಾರಿ ಸರಿ ಅನ್ನಿಸುತ್ತದೆ, ಯಾಕೆಂದರೆ ಪ್ರಶ್ನೆ ಪುಸ್ತಕದೊಳಗೇ ಇತ್ತು. ಹೊರಗಿನಿಂದ ತಂದು ಅಂಟಿಸುವುದಕ್ಕಿಂತ ಲೇಖಕರು ಅರ್ಧಕ್ಕೆ ಬಿಟ್ಟ ಮಾತನ್ನು ಹುಡುಕಿ. ನಾಯಕಿಯ ಬಾಯಲ್ಲಿ ಇವತ್ತಿನ ಭಾಷಣ ಹಾಕಬೇಡಿ. ಅವಳಿಗೆ ಆ ಕಾಲದಲ್ಲಿ ಸಿಗುತ್ತಿದ್ದ ಮಾತಿನಲ್ಲೇ ಅವಳು ಸಿಡಿದೇಳಲಿ.

ಕಾಲವನ್ನೇ ಬದಲಿಸಿದರೆ?

ಕಟ್ಟುಪಾಡು ಅಲ್ಲೂ ಉಳಿಯುತ್ತದಾ ನೋಡಿ. 1914ರ ‘ಪರಿಣೀತಾ’ವನ್ನು 2005ರ ಹಿಂದಿ ಸಿನಿಮಾ 1962ರ ಕಲ್ಕತ್ತಕ್ಕೆ ತಂದಿತು. ಸಿರಿವಂತ ಅಪ್ಪನ ದರ್ಪ, ಅನಾಥ ಹುಡುಗಿಯ ಋಣ, ಎರಡೂ ಅಲ್ಲಿಯೂ ನಂಬುವ ಹಾಗೆಯೇ ಇದ್ದವು. ಉಳಿಯದಿದ್ದರೆ ಕಾಲ ಬದಲಿಸಬೇಡಿ.

ದುಡ್ಡು ಕಡಿಮೆ ಇದೆ. ಆಗುತ್ತಾ?

ಆಗುತ್ತದೆ, ಆದರೆ ಹೊರಾಂಗಣ ಕಡಿಮೆ ಮಾಡಿ. ಪೀರಿಯಡ್ ಸಿನಿಮಾದಲ್ಲಿ ದುಡ್ಡು ಹೋಗುವುದು ಬೀದಿಗೆ. ನೂರು ಜೂನಿಯರ್ ಆರ್ಟಿಸ್ಟ್ ಅಂದರೆ ನೂರು ಬಟ್ಟೆ, ನೂರು ಕೂದಲು, ನೂರು ಜೊತೆ ಚಪ್ಪಲಿ. ಮೇಲಿನಿಂದ ವಿದ್ಯುತ್ ತಂತಿ, ಡಿಶ್, ಡಾಂಬರು ರಸ್ತೆ ಎಲ್ಲ ಅಳಿಸಬೇಕು. ಅದರ ಬದಲು ಎರಡು ಕೋಣೆ, ಒಂದು ಅಂಗಳ ಇಟ್ಟುಕೊಂಡು ಸದ್ದಿನಿಂದ ಊರು ಕಟ್ಟಿ. ಗಾಡಿ ಚಕ್ರ, ದೂರದ ಗಂಟೆ, ಬಾಗಿಲಾಚೆ ಯಾರದೋ ಮಾತು. 2012ರ ‘ಅನ್ನಾ ಕರೆನಿನಾ’ ಬಹುಪಾಲು ಒಂದು ಹಳೇ ನಾಟಕಶಾಲೆಯ ಸೆಟ್ಟಿನೊಳಗೇ ನಡೆಯುತ್ತದೆ. ಅದು ದೊಡ್ಡ ದುಡ್ಡಿನ ಸಿನಿಮಾವೇ, ಆದರೂ ಆ ಉಪಾಯ ಕತೆಗೇ ಹೊಂದಿಕೊಂಡಿತು: ಎಲ್ಲರೂ ಎಲ್ಲರನ್ನೂ ನೋಡುತ್ತಿರುವ ಸಮಾಜ, ಅದರ ನಡುವೆ ವೇದಿಕೆ ಮೇಲೆ ಒಬ್ಬಳು ಹೆಣ್ಣು.

ಮುಕ್ತಾಯ ಬದಲಿಸಬಹುದಾ?

ಬಹಳ ಯೋಚಿಸಿ. 2005ರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಬ್ರಿಟನ್ನಿನಲ್ಲಿ ಅಪ್ಪ ಮದುವೆಗೆ ಒಪ್ಪುವಲ್ಲಿಗೆ ಮುಗಿಯಿತು, ಅಮೆರಿಕದಲ್ಲಿ ಮದುವೆಯಾದ ಮೇಲಿನ ಒಂದು ಮುದ್ದಿನ ದೃಶ್ಯ ಸೇರಿಸಿ ಬಿಟ್ಟರು. ನನಗೆ ಅಪ್ಪನ ಮುಖವೇ ಸಾಕಾಗಿತ್ತು. 2019ರ ‘ಲಿಟಲ್ ವುಮೆನ್’ ಬೇರೆ ದಾರಿ ಹಿಡಿಯಿತು. ನಾಯಕಿಗೆ ಮದುವೆ ಆಗಲೇಬೇಕು ಅಂತ ಪ್ರಕಾಶಕ ಹಟ ಹಿಡಿಯುವುದನ್ನೇ ಸಿನಿಮಾದೊಳಗೆ ತಂದು, ಕೊಡೆಯಡಿಯ ಚುಂಬನದ ದೃಶ್ಯವನ್ನೂ ತೋರಿಸಿ, ಅದು ನಡೆದದ್ದಾ ಬರೆದದ್ದಾ ಅನ್ನುವುದನ್ನು ನಮಗೇ ಬಿಟ್ಟಿತು. ಮುಕ್ತಾಯ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ಎಲ್ಲಿಂದ ಶುರು ಮಾಡಲಿ?

ಇಬ್ಬರೂ ಹೇಳಲಾಗದ ಒಂದು ಮಾತು ಕಾದಂಬರಿಯಲ್ಲಿ ಇರುತ್ತದೆ. ಅದು ಇರುವ ದೃಶ್ಯ ಆರಿಸಿಕೊಳ್ಳಿ. ಮೊದಲು ಪೂರ್ತಿ ಸಂಭಾಷಣೆ ಹಾಕಿ ಬರೆಯಿರಿ. ಆಮೇಲೆ ಒಂದೂ ಮಾತಿಲ್ಲದೆ ಅದೇ ದೃಶ್ಯವನ್ನು ಮತ್ತೆ ಬರೆಯಿರಿ: ಯಾರು ಎಲ್ಲಿ ನಿಂತಿದ್ದಾರೆ, ಬಾಗಿಲು ತೆರೆದಿದೆಯಾ ಮುಚ್ಚಿದೆಯಾ, ಇನ್ನು ಯಾರು ನೋಡುತ್ತಿದ್ದಾರೆ, ಕೈಯಲ್ಲಿ ಏನಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲಿನದರಿಂದ ಎಷ್ಟು ಸಾಲು ಎರಡನೆಯದಕ್ಕೆ ಬೇಕೇ ಬೇಕು ಅನ್ನಿಸುತ್ತದೋ ಅಷ್ಟನ್ನು ಮಾತ್ರ ತಗೊಳ್ಳಿ. ಮೂರೋ ನಾಲ್ಕೋ ಬರುತ್ತವೆ. ಅದು ನಿಮ್ಮ ಮೊದಲ ಸೀನ್.